ಯೋಧನ ಮಕ್ಕಳಿಗಷ್ಟೇ ಅಲ್ಲ, ಯೋಧನಿಗೂ ಓದುವ ಹಕ್ಕು ಬೇಕು

ಭೂಸೇನೆ, ನೌಕಾಪಡೆ, ವಾಯುಪಡೆ ಮೂರೂ ಸೇರಿ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 60,000 ಮಂದಿ ಸಮವಸ್ತ್ರ ಕಳಚಿ ಊರಿಗೆ ಮರಳುತ್ತಾರೆ. ಅವರಲ್ಲಿ ಬಹುಪಾಲು ಜನರ ವಯಸ್ಸು 35ರಿಂದ 45ರ ಒಳಗೆ. ಬೇರೆ ಸರ್ಕಾರಿ ನೌಕರರು ಬಡ್ತಿಯ ಪಟ್ಟಿಯಲ್ಲಿ ತಮ್ಮ ಹೆಸರು ಹುಡುಕುವ ಪ್ರಾಯದಲ್ಲಿ ಸಿಪಾಯಿ, ನಾಯಕ್, ಹವಾಲ್ದಾರ್ ದರ್ಜೆಯವರು ಮತ್ತೆ ಅರ್ಜಿ ಹಿಡಿದು ನಿಲ್ಲಬೇಕಾಗುತ್ತದೆ. ಎಸ್ಸೆಸ್ಸೆಲ್ಸಿಯನ್ನೋ ಪಿಯುಸಿಯನ್ನೋ ಮುಗಿಸಿ ಸೇನಾ ಭರ್ತಿಗೆ ಓಡಿದ ಹುಡುಗ ಹದಿನೈದು ಹದಿನೇಳು ವರ್ಷಗಳಲ್ಲಿ ಕಲಿತದ್ದೇನೂ ಕಡಿಮೆಯಲ್ಲ. ಸಿಗ್ನಲ್ ಉಪಕರಣಗಳ ನಿರ್ವಹಣೆ, ಭಾರಿ ವಾಹನಗಳ ದುರಸ್ತಿ, ರಾತ್ರೋರಾತ್ರಿ ಸೇತುವೆ ಕಟ್ಟುವ ಕೆಲಸ, ಎಲ್ಲಕ್ಕೂ ಮಿಗಿಲಾಗಿ ಹತ್ತಾರು ಜನರನ್ನು ಕಷ್ಟಕಾಲದಲ್ಲಿ ನಡೆಸುವ ಅನುಭವ ಅವನಿಗಿದೆ. ಆದರೆ ಅರ್ಜಿಯ ವಿದ್ಯಾರ್ಹತೆಯ ಕಾಲಂನಲ್ಲಿ ಅವನು ಬರೆಯಬಹುದಾದದ್ದು ಸೇನೆಗೆ ಸೇರುವಾಗ ಬರೆದದ್ದನ್ನೇ. ಹಾಗಾಗಿ ಎಷ್ಟೋ ಮಂದಿ ಅಪಾರ್ಟ್‌ಮೆಂಟಿನ ಗೇಟಿನಲ್ಲಿ, ಬ್ಯಾಂಕಿನ ಬಾಗಿಲಲ್ಲಿ ಕಾವಲಿಗೆ ನಿಲ್ಲುತ್ತಾರೆ. ಆ ಕೆಲಸದಲ್ಲಿ ಅಗೌರವವಿಲ್ಲ. ಬೇರೆ ಯಾವ ದಾರಿಯೂ ಕಾಣದೆ ಅಲ್ಲಿಗೆ ಹೋಗಬೇಕಾಗಿರುವುದು ಮಾತ್ರ ಅನ್ಯಾಯ. ಸೈನಿಕರ ಶೈಕ್ಷಣಿಕ ಸೌಲಭ್ಯ ಎಂದಾಗ ನಮ್ಮ ಸರ್ಕಾರಗಳು ಅವರ ಮಕ್ಕಳನ್ನು ನೆನೆಯುತ್ತವೆ, ಮಡದಿಯನ್ನು ಕೆಲವೊಮ್ಮೆ ನೆನೆಯುತ್ತವೆ. ಸೈನಿಕನೇ ಮರಳಿ ತರಗತಿಯಲ್ಲಿ ಕೂರಬಹುದು ಎಂಬ ಯೋಚನೆ ನಮ್ಮ ನೀತಿಯಲ್ಲಿ ಎಲ್ಲೂ ಬಲವಾಗಿ ಮೂಡಿಲ್ಲ. ಈ ಕೊರತೆಯನ್ನು ಕಾನೂನಿನ ಮೂಲಕ, ಬಜೆಟ್ಟಿನ ಹಣದಿಂದ, ಈಗಲೇ ತುಂಬಬೇಕು ಎಂಬುದು ನನ್ನ ವಾದ.

ಇರುವ ಸೌಲಭ್ಯಗಳನ್ನು ಮೊದಲು ನೋಡೋಣ. 2006–07ರಲ್ಲಿ ಶುರುವಾದ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಯೋಜನೆಯಲ್ಲಿ ಮಾಜಿ ಸೈನಿಕರ ಮಕ್ಕಳು ಹಾಗೂ ಯೋಧರ ಪತ್ನಿಯರಲ್ಲಿ ವಿಧವೆಯರಾದವರಿಗೆ ವರ್ಷಕ್ಕೆ 5,500 ಹೊಸ ವಿದ್ಯಾರ್ಥಿವೇತನಗಳಿವೆ. 2019ರಲ್ಲಿ ಮೊತ್ತ ಏರಿದ ಮೇಲೆ ಹುಡುಗರಿಗೆ ತಿಂಗಳಿಗೆ 2,500 ರೂಪಾಯಿ, ಹುಡುಗಿಯರಿಗೆ 3,000 ರೂಪಾಯಿ ಸಿಗುತ್ತಿದೆ. ಹವಾಲ್ದಾರ್ ದರ್ಜೆ ಮತ್ತು ಅದಕ್ಕಿಂತ ಕೆಳಗಿನವರ ಇಬ್ಬರು ಮಕ್ಕಳಿಗೆ ಒಂದನೇ ತರಗತಿಯಿಂದ ಪದವಿಯವರೆಗೆ ರಕ್ಷಣಾ ಸಚಿವರ ಮಾಜಿ ಸೈನಿಕರ ಕಲ್ಯಾಣ ನಿಧಿಯಿಂದ ನೆರವಿದೆ. ತಿಂಗಳಿಗೆ 1,000 ರೂಪಾಯಿ ಇದ್ದ ಈ ನೆರವನ್ನು 2025ರ ನವೆಂಬರ್‌ನಿಂದ 2,000ಕ್ಕೆ ಏರಿಸಲಾಯಿತು. ನಮ್ಮ ರಾಜ್ಯದ ಸಿಇಟಿಯಲ್ಲಿ ಸೈನಿಕರ ಮತ್ತು ಮಾಜಿ ಸೈನಿಕರ ಮಕ್ಕಳಿಗೆ ವಿಶೇಷ ಪ್ರವರ್ಗವಿದೆ. ಅಪ್ಪನ ವರ್ಗಾವಣೆಯಿಂದಾಗಿ ಕರ್ನಾಟಕದಲ್ಲಿ ಏಳು ವರ್ಷ ಓದಲಾಗದ ಮಕ್ಕಳಿಗೆ ಕೆಲವು ಷರತ್ತುಗಳ ಮೇಲೆ ರಿಯಾಯಿತಿಯೂ ಇದೆ. ಹುತಾತ್ಮರ, ಕಾಣೆಯಾದವರ, ಯುದ್ಧದಲ್ಲಿ ಅಂಗವಿಕಲರಾದವರ ಮಕ್ಕಳ ಶಾಲಾ ಕಾಲೇಜು ಶುಲ್ಕವನ್ನು ಸರ್ಕಾರವೇ ಭರಿಸುವ ಪದ್ಧತಿ 1971ರ ಯುದ್ಧದ ಬೆನ್ನಲ್ಲೇ ಬಂತು. ಇವೆಲ್ಲ ಬೇಕಾದವು. ಯಾವುದನ್ನೂ ಮೊಟಕುಗೊಳಿಸುವ ಮಾತನ್ನು ನಾನು ಆಡುತ್ತಿಲ್ಲ. ಆದರೆ ವರ್ಷಕ್ಕೆ 60,000 ಮಂದಿ ನಿವೃತ್ತರಾಗುವಲ್ಲಿ 5,500 ವಿದ್ಯಾರ್ಥಿವೇತನ ಎಂದರೆ ನಿವೃತ್ತರ ಸಂಖ್ಯೆಯ ಹತ್ತನೇ ಒಂದು ಭಾಗವೂ ಅಲ್ಲ. ಅದೂ ವೃತ್ತಿಪರ ಕೋರ್ಸುಗಳಿಗೆ ಮಾತ್ರ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಎ ಓದುವ ಸಿಪಾಯಿಯ ಮಗಳಿಗೆ ಅದು ದಕ್ಕುವುದಿಲ್ಲ. ಒಂದು ವರ್ಷದ ಹೊಸ ತಂಡಕ್ಕೆ ತಗಲುವ ವೆಚ್ಚವನ್ನು ಲೆಕ್ಕ ಹಾಕಿದರೆ ಸುಮಾರು 18 ಕೋಟಿ ರೂಪಾಯಿ ಆಗುತ್ತದೆ. ಇಡೀ ದೇಶಕ್ಕೆ ಇಷ್ಟು.

ಮೊತ್ತಕ್ಕಿಂತ ಹೆಚ್ಚು ಯೋಚಿಸಬೇಕಾದ್ದು ಆ ಹಣದ ಮೂಲ. ಪ್ರಧಾನಮಂತ್ರಿ ವಿದ್ಯಾರ್ಥಿವೇತನಕ್ಕೆ ಹಣ ಬರುವುದು ರಾಷ್ಟ್ರೀಯ ರಕ್ಷಣಾ ನಿಧಿಯಿಂದ, ಅಂದರೆ ಜನ ಸ್ವಇಚ್ಛೆಯಿಂದ ಕೊಟ್ಟ ದೇಣಿಗೆಯಿಂದ. ಮಕ್ಕಳ ಶಿಕ್ಷಣ ನೆರವಿನ ಹಿಂದಿರುವುದು ಡಿಸೆಂಬರ್ 7ರ ಧ್ವಜ ದಿನಾಚರಣೆಯ ನಿಧಿ. 1949ರಿಂದ ನಡೆದುಬಂದಿರುವ ಈ ದಿನದಂದು ಶಾಲಾ ಮಕ್ಕಳು ಎದೆಗೆ ಪುಟ್ಟ ಧ್ವಜ ಚುಚ್ಚಿಕೊಂಡು ಡಬ್ಬಿಗೆ ನಾಣ್ಯ ಹಾಕುವುದು ಒಳ್ಳೆಯ ಸಂಪ್ರದಾಯವೇ. ಜನ ಪ್ರೀತಿಯಿಂದ ಕೊಟ್ಟ ಹಣಕ್ಕೆ ಅದರದೇ ಬೆಲೆ ಇದೆ. ಆದರೆ ಕೆಲಸದ ಕರಾರಿನ ಭಾಗವಾಗಿ ಸಲ್ಲಬೇಕಾದದ್ದು ದೇಣಿಗೆಯ ಹರಿವನ್ನು ನಂಬಿ ಕೂರಬಾರದು. ಬಜೆಟ್ಟಿನಿಂದ ಬರುವ ಸೌಲಭ್ಯವೂ ಕಾನೂನಿನ ಆಸರೆ ಇಲ್ಲದಿದ್ದರೆ ಎಷ್ಟು ದುರ್ಬಲ ಎಂಬುದು 2017ರಲ್ಲಿ ಗೊತ್ತಾಯಿತು. ಹುತಾತ್ಮರ ಮಕ್ಕಳ ಬೋಧನಾ ಶುಲ್ಕ ಮತ್ತು ಹಾಸ್ಟೆಲ್ ವೆಚ್ಚಕ್ಕೆ ತಿಂಗಳಿಗೆ 10,000 ರೂಪಾಯಿಯ ಮಿತಿಯನ್ನು ಆ ವರ್ಷದ ಜುಲೈಯಿಂದ ಅನ್ವಯವಾಗುವಂತೆ ಹೇರಲಾಯಿತು. ವೇತನ ಆಯೋಗದ ಶಿಫಾರಸಿನ ಹಿನ್ನೆಲೆಯಲ್ಲಿ ಹೊರಟ ಒಂದು ಆದೇಶ, ಅಷ್ಟೇ. ಅಪ್ಪನನ್ನು ಗಡಿಯಲ್ಲಿ ಕಳೆದುಕೊಂಡು ಎಂಜಿನಿಯರಿಂಗ್ ಕಾಲೇಜಿನ ನಡುದಾರಿಯಲ್ಲಿದ್ದ ಮಕ್ಕಳ ಮೇಲೆ ಅದು ಬಿತ್ತು. ನೌಕಾಪಡೆಯ ಅಂದಿನ ಮುಖ್ಯಸ್ಥ ಅಡ್ಮಿರಲ್ ಸುನಿಲ್ ಲಾಂಬಾ ಅವರು ರಕ್ಷಣಾ ಸಚಿವರಿಗೆ ಪತ್ರ ಬರೆಯಬೇಕಾಯಿತು, ಸಂಸತ್ತಿನಲ್ಲಿ ಪ್ರಶ್ನೆಗಳೇಳಬೇಕಾಯಿತು. 2018ರ ಮಾರ್ಚ್‌ನಲ್ಲಿ ಮಿತಿ ರದ್ದಾಯಿತು. ಸರ್ಕಾರ ತಿದ್ದಿಕೊಂಡದ್ದು ಮೆಚ್ಚಬೇಕಾದದ್ದೇ. ಆದರೂ ಒಂದು ಆದೇಶದಿಂದ ಹೋಗಿ ಇನ್ನೊಂದು ಆದೇಶದಿಂದ ಮರಳುವಂಥದ್ದನ್ನು ಯಾವ ತಾಯಿಯೂ ನಂಬಿ ಮಕ್ಕಳ ಭವಿಷ್ಯ ಯೋಜಿಸಲಾರಳು.

ಇನ್ನು ಸೈನಿಕನ ಸ್ವಂತ ಓದಿಗೆ ಏನಿದೆ? ಮೆಟ್ರಿಕ್ ಮಾಡಿ ಸೇನೆಯ ವಿಶೇಷ ಶಿಕ್ಷಣ ಪ್ರಮಾಣಪತ್ರ ಪಡೆದು 15 ವರ್ಷ ಸೇವೆ ಸಲ್ಲಿಸಿದವರನ್ನು ಕೇಂದ್ರದ ‘ಸಿ’ ಗುಂಪಿನ ಹುದ್ದೆಗಳ ಮಟ್ಟಿಗೆ ಪದವೀಧರರಿಗೆ ಸಮಾನ ಎಂದು ಪರಿಗಣಿಸುವ ನಿಯಮವಿದೆ. ಉದ್ದೇಶ ಒಳ್ಳೆಯದು. ಆದರೆ ಆ ಕಾಗದ ಹಿಡಿದು ಸ್ನಾತಕೋತ್ತರ ಪದವಿಗೆ ಹೋಗಲಾಗದು, ಖಾಸಗಿ ಕಂಪನಿಯಲ್ಲಿ ಅದಕ್ಕೆ ಬೆಲೆ ಸಿಗದು. ಅಧಿಕಾರಿ ಹುದ್ದೆಯ ಪರೀಕ್ಷೆಯಲ್ಲೂ ಅದು ಕೈಹಿಡಿಯುವುದಿಲ್ಲ. ಅದು ಕಲಿಕೆಯ ಬದಲಿಗೆ ಕೊಟ್ಟ ಪ್ರಮಾಣಪತ್ರ. ನಿವೃತ್ತಿಗೆ ಮೊದಲು ರಕ್ಷಣಾ ಸಚಿವಾಲಯದ ಪುನರ್ವಸತಿ ನಿರ್ದೇಶನಾಲಯ ಕೆಲವು ವಾರಗಳ ಕೋರ್ಸುಗಳನ್ನು ನಡೆಸುತ್ತದೆ. ಅಧಿಕಾರಿಗಳಿಗೆ ಐಐಎಂಗಳಲ್ಲಿ ನಿರ್ವಹಣಾ ತರಬೇತಿ, ಜವಾನರಿಗೆ ಭದ್ರತೆ, ಕಂಪ್ಯೂಟರ್, ಬೇರೆ ಬೇರೆ ಕಸುಬುಗಳ ತರಬೇತಿ. ಅದರಿಂದ ಉಪಯೋಗವಿಲ್ಲವೆಂದಲ್ಲ, ಕೆಲವು ವಾರಗಳಲ್ಲಿ ಮೂರು ವರ್ಷದ ಓದು ಅಡಗುವುದಿಲ್ಲ ಎಂಬುದಷ್ಟೇ ಮಾತು. ಇದರ ಪರಿಣಾಮ ಉದ್ಯೋಗ ಮೀಸಲಾತಿಯಲ್ಲೂ ಕಾಣುತ್ತದೆ. ಕೇಂದ್ರ ಸರ್ಕಾರದ ‘ಸಿ’ ಗುಂಪಿನ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇ 10ರಷ್ಟು ಮೀಸಲು ಇದ್ದರೂ ತುಂಬುವುದು ಅದರ ಸಣ್ಣ ಪಾಲು ಮಾತ್ರ. ನಿಗದಿತ ಅರ್ಹತೆಯ ಅಭ್ಯರ್ಥಿಗಳು ಸಾಕಷ್ಟು ಸಿಗುತ್ತಿಲ್ಲ ಎಂಬುದು ಇಲಾಖೆಗಳು ಕೊಡುವ ಕಾರಣಗಳಲ್ಲಿ ಒಂದು. ಬಾಗಿಲು ತೆರೆದಿಟ್ಟು ಮೆಟ್ಟಿಲು ಕಟ್ಟದೆ ಬಿಟ್ಟಂತಾಗಿದೆ.

ಮೆಟ್ಟಿಲು ಕಟ್ಟಿದ ದೇಶದ ಉದಾಹರಣೆ ಕಣ್ಣೆದುರಿಗಿದೆ. ಮೊದಲ ಮಹಾಯುದ್ಧದಿಂದ ಮರಳಿದ ಅಮೆರಿಕದ ಸೈನಿಕರಿಗೆ ಅಲ್ಲಿನ ಸರ್ಕಾರ ಬೋನಸ್ಸಿನ ಭರವಸೆ ಕೊಟ್ಟು ಪಾವತಿಯನ್ನು 1945ಕ್ಕೆ ಮುಂದೂಡಿತ್ತು. ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಸಾವಿರಾರು ಮಾಜಿ ಸೈನಿಕರು 1932ರಲ್ಲಿ ಹೆಂಡತಿ ಮಕ್ಕಳೊಂದಿಗೆ ವಾಷಿಂಗ್ಟನ್ನಿಗೆ ಬಂದು ಗುಡಿಸಲು ಹಾಕಿ ಕೂತರು. ಅವರನ್ನು ಅಲ್ಲಿಂದ ಓಡಿಸಲು ಬಂದದ್ದು ಅದೇ ದೇಶದ ಸೇನೆ. ಆ ಗಾಯ ಆರಿರಲಿಲ್ಲ. ಎರಡನೇ ಮಹಾಯುದ್ಧ ಮುಗಿಯುವ ಮೊದಲೇ, 1944ರ ಜೂನ್ 22ರಂದು, ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಕಾಯ್ದೆ ‘ಜಿಐ ಬಿಲ್’ ಎಂದೇ ಹೆಸರಾಯಿತು. ಯುದ್ಧದಿಂದ ಮರಳುವ ಸೈನಿಕನಿಗೆ ಕಾಲೇಜು ಶುಲ್ಕಕ್ಕೆ ವರ್ಷಕ್ಕೆ 500 ಡಾಲರ್‌ವರೆಗೆ, ಜೀವನ ವೆಚ್ಚಕ್ಕೆ ತಿಂಗಳಿಗೆ 50 ಡಾಲರ್, ಸಂಸಾರಸ್ಥನಾಗಿದ್ದರೆ 75 ಡಾಲರ್. ಆಗ 500 ಡಾಲರಿನಲ್ಲಿ ಹಾರ್ವರ್ಡಿನ ಶುಲ್ಕವನ್ನೂ ಕಟ್ಟಬಹುದಿತ್ತು. ಎಲ್ಲಿ ಓದಬೇಕು, ಏನು ಓದಬೇಕು ಎಂಬ ಆಯ್ಕೆ ಸೈನಿಕನದೇ. ಕಾಲೇಜು ಬೇಡವೆಂದರೆ ಕಸುಬಿನ ಶಾಲೆ, ಕಾರ್ಖಾನೆಯಲ್ಲಿ ತರಬೇತಿ, ಹೊಲದಲ್ಲಿ ಬೇಸಾಯದ ಕಲಿಕೆ. 1947ರಲ್ಲಿ ಅಮೆರಿಕದ ಕಾಲೇಜುಗಳಿಗೆ ಸೇರಿದವರಲ್ಲಿ ಶೇ 49ರಷ್ಟು ಮಂದಿ ಮಾಜಿ ಸೈನಿಕರು. 1956ರಲ್ಲಿ ಆ ಯೋಜನೆ ಮುಗಿಯುವ ಹೊತ್ತಿಗೆ 1.6 ಕೋಟಿ ಸೈನಿಕರಲ್ಲಿ ಸುಮಾರು 78 ಲಕ್ಷ ಮಂದಿ ಏನಾದರೊಂದು ಓದು ಅಥವಾ ತರಬೇತಿ ಪಡೆದಿದ್ದರು. ಅವರಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಸುಮಾರು 22 ಲಕ್ಷ. ಕೂಲಿಯವರ, ಗಣಿ ಕಾರ್ಮಿಕರ, ಸಣ್ಣ ರೈತರ ಮನೆಗಳಿಂದ ಮೊದಲ ಪದವೀಧರರು ಹುಟ್ಟಿದ್ದು ಹೀಗೆ.

ಅಲ್ಲೂ ವಿರೋಧವಿತ್ತು. ಷಿಕಾಗೊ ವಿಶ್ವವಿದ್ಯಾಲಯದ ಮುಖ್ಯಸ್ಥ ರಾಬರ್ಟ್ ಹಚಿನ್ಸ್ ಕಾಲೇಜುಗಳು ನಿರುದ್ಯೋಗಿಗಳ ತಂಗುದಾಣಗಳಾಗುತ್ತವೆ ಎಂದು ಎಚ್ಚರಿಸಿದ್ದರು. ಹಾರ್ವರ್ಡಿನ ಮುಖ್ಯಸ್ಥ ಜೇಮ್ಸ್ ಕೊನಂಟ್ ಅವರಿಗೆ ಓದಲು ತಕ್ಕವರಲ್ಲದವರು ನುಗ್ಗುತ್ತಾರೆಂಬ ಅಳುಕಿತ್ತು. ತರಗತಿಗಳು ನಡೆದ ಮೇಲೆ ಕಂಡದ್ದು ಬೇರೆ. ಮದುವೆಯಾಗಿ ಮಕ್ಕಳಿದ್ದ, ಸಾವನ್ನು ಹತ್ತಿರದಿಂದ ನೋಡಿದ್ದ ಈ ವಿದ್ಯಾರ್ಥಿಗಳು ಉಳಿದವರಿಗಿಂತ ಶ್ರದ್ಧೆಯಿಂದ ಓದಿದರು. ಅವರ ಪ್ರೌಢಿಮೆಯನ್ನು ಕೊನಂಟ್ ಅವರೇ ಮುಂದೆ ಹೊಗಳಿದರು. ಹಾಗೆಂದು ಆ ಕಾಯ್ದೆ ಕಲೆಯಿಲ್ಲದ್ದಾಗಿರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪುಜನರಿಗೆ ಬಹುಪಾಲು ಕಾಲೇಜುಗಳ ಬಾಗಿಲು ಮುಚ್ಚಿತ್ತು. ಅವರಿಗೆಂದೇ ಇದ್ದ ಕಾಲೇಜುಗಳಲ್ಲಿ ಜಾಗ ಸಾಲಲಿಲ್ಲ. ಬರೆಹದಲ್ಲಿ ಎಲ್ಲರಿಗೂ ಇದ್ದ ಹಕ್ಕು ಜಾರಿಯಲ್ಲಿ ಎಲ್ಲರಿಗೂ ಸಿಗಲಿಲ್ಲ. ಸೈನಿಕರ ಹಣಕ್ಕೆಂದೇ ತಲೆಯೆತ್ತಿದ ಕಳಪೆ ತರಬೇತಿ ಶಾಲೆಗಳೂ ಇದ್ದವು. ಜಾತಿ ಮತ್ತು ಪ್ರದೇಶದ ಅಂತರಗಳಿರುವ, ಖಾಸಗಿ ಕಾಲೇಜುಗಳ ದಟ್ಟಣೆಯಿರುವ ನಮ್ಮ ದೇಶ ಈ ಎರಡೂ ತಪ್ಪುಗಳನ್ನು ಗಮನವಿಟ್ಟು ನೋಡಬೇಕು. 2008ರಲ್ಲಿ ಅಮೆರಿಕ ಇದೇ ಕಾಯ್ದೆಗೆ ಹೊಸ ರೂಪ ಕೊಟ್ಟಿತು. ಅದರಲ್ಲಿ 36 ತಿಂಗಳ ಓದಿನ ಹಕ್ಕಿದೆ. ಆರು ವರ್ಷ ಸೇವೆ ಮುಗಿಸಿ ಇನ್ನೂ ನಾಲ್ಕು ವರ್ಷ ಇರಲು ಒಪ್ಪಿದ ಸೈನಿಕ ಬಳಸದ ಹಕ್ಕನ್ನು ಹೆಂಡತಿಗೋ ಮಕ್ಕಳಿಗೋ ವರ್ಗಾಯಿಸಬಹುದು. ಓದಿನ ಹಕ್ಕು ಸೈನಿಕನದು, ಅದನ್ನು ಮನೆಯಲ್ಲಿ ಯಾರಿಗೆ ಕೊಡಬೇಕೆಂಬ ತೀರ್ಮಾನವೂ ಅವನದು. ಕುಟುಂಬದ ಸೌಲಭ್ಯವನ್ನೂ ಸೈನಿಕನ ಸೌಲಭ್ಯವನ್ನೂ ಒಂದೇ ನೂಲಿನಲ್ಲಿ ಕಟ್ಟುವ ಈ ಕ್ರಮ ನನಗೆ ಬಹಳ ಸರಿಯೆನಿಸುತ್ತದೆ.

ನಮ್ಮಲ್ಲಿ ಇದು ತುರ್ತಾಗಿರುವುದು ಅಗ್ನಿಪಥದಿಂದಾಗಿ. 2022ರ ಜೂನ್‌ನಲ್ಲಿ ಘೋಷಣೆಯಾದ ಈ ಯೋಜನೆಯಲ್ಲಿ ಹದಿನೇಳೂವರೆಯಿಂದ 21 ವರ್ಷದೊಳಗಿನವರನ್ನು ‘ಅಗ್ನಿವೀರ’ರೆಂದು ನಾಲ್ಕು ವರ್ಷಕ್ಕೆ ಸೇರಿಸಿಕೊಳ್ಳಲಾಗುತ್ತದೆ. ಅವರಲ್ಲಿ ಶೇ 25ರವರೆಗೆ ಮಾತ್ರ ಕಾಯಂ ಆಗುತ್ತಾರೆ. ಉಳಿದವರಿಗೆ ಪಿಂಚಣಿಯಿಲ್ಲ, ಗ್ರಾಚ್ಯುಟಿಯಿಲ್ಲ, ಯೋಜನೆಯ ಷರತ್ತಿನಲ್ಲೇ ಹೇಳಿರುವಂತೆ ಮಾಜಿ ಸೈನಿಕ ಎಂಬ ಸ್ಥಾನವೂ ಇಲ್ಲ. ಆ ಸ್ಥಾನವಿಲ್ಲದಿದ್ದರೆ ಅದನ್ನೇ ಆಧರಿಸಿರುವ ವಿದ್ಯಾರ್ಥಿವೇತನ, ಶಿಕ್ಷಣ ನೆರವು, ಪ್ರವೇಶದ ರಿಯಾಯಿತಿಗಳೂ ಅವರ ಮನೆಗಳಿಗೆ ಇಲ್ಲವಾಗುತ್ತವೆ. 2022ರ ಕೊನೆಯಲ್ಲಿ ತರಬೇತಿಗೆ ಸೇರಿದ ಮೊದಲ ತಂಡದ ಅವಧಿ ಮುಗಿಯುವುದು 2026ರ ಕೊನೆಯ ಹೊತ್ತಿಗೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡದ ಹಳ್ಳಿಗಳಿಗೂ ಕೊಡಗಿಗೂ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗರು ಮರಳುತ್ತಾರೆ. ಇವರ ಓರಗೆಯವರು ಬಿಕಾಂ, ಡಿಪ್ಲೊಮಾ, ನರ್ಸಿಂಗ್ ಮುಗಿಸುತ್ತಿದ್ದ ನಾಲ್ಕು ವರ್ಷಗಳನ್ನು ಇವರು ದೇಶಕ್ಕೆ ಕೊಟ್ಟಿದ್ದಾರೆ. ಆ ನಾಲ್ಕು ವರ್ಷಗಳು ಮನುಷ್ಯ ಕಲಿಯಲೆಂದೇ ಇರುವ ಪ್ರಾಯದವು. ದೇಶ ಅವನ್ನು ಬಳಸಿಕೊಂಡ ಮೇಲೆ ಅಷ್ಟೇ ಕಾಲದ ಓದನ್ನು ಹಿಂದಿರುಗಿಸುವುದು ಸಾಲ ತೀರಿಸಿದ ಹಾಗೆ. ಅದನ್ನು ಉಪಕಾರದ ಲೆಕ್ಕಕ್ಕೆ ಸೇರಿಸಬಾರದು.

ಅವರಿಗೆ ಸೇವಾ ನಿಧಿ ಕೊಡುತ್ತಿದ್ದೇವಲ್ಲ ಎಂದು ಕೇಳುವವರಿದ್ದಾರೆ. ನಾಲ್ಕು ವರ್ಷದ ಕೊನೆಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ, ಅದಕ್ಕೆ ತೆರಿಗೆಯೂ ಇಲ್ಲ, ಆ ಹಣದಲ್ಲಿ ಓದಬಹುದಲ್ಲ ಎಂಬುದು ವಾದ. ಅದರಲ್ಲಿ ಅರ್ಧ ಆ ಹುಡುಗನ ಸಂಬಳದಿಂದಲೇ ತಿಂಗಳಿಗೆ ಶೇ 30ರಂತೆ ಮುರಿದುಕೊಂಡದ್ದು ಎಂಬುದನ್ನು ಮರೆಯಬಾರದು. ರೈತಾಪಿ ಮನೆಗೆ ಇಷ್ಟು ದೊಡ್ಡ ಮೊತ್ತ ಒಮ್ಮೆಲೇ ಬಂದರೆ ಅದು ಎಲ್ಲಿ ಹೋಗುತ್ತದೆಂದು ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಗೊತ್ತು. ತಂಗಿಯ ಮದುವೆ, ಸೊಸೈಟಿಯ ಸಾಲ, ಬತ್ತಿದ ಬೋರ್‌ವೆಲ್ಲಿಗೆ ಬದಲು ಮತ್ತೊಂದು ಬೋರ್‌ವೆಲ್, ಅರ್ಧಕ್ಕೆ ನಿಂತ ಮನೆ. ಇವು ಯಾವುವೂ ದುಂದಲ್ಲ, ಎಲ್ಲವೂ ನ್ಯಾಯವಾದ ಖರ್ಚೇ. ಅದಕ್ಕಾಗಿಯೇ ಓದಿನ ಹಣ ಬೇರೆಯೇ ಇರಬೇಕು, ಕಾಲೇಜಿಗೆ ನೇರವಾಗಿ ಹೋಗಬೇಕು. ಓದುವ ತಿಂಗಳುಗಳಲ್ಲಿ ಊಟ ವಸತಿಗೆ ಒಂದಿಷ್ಟು ಕೈಗೆ ಬರಬೇಕು. ಅರೆಸೇನಾ ಪಡೆಗಳಲ್ಲಿ ಮೀಸಲಾತಿ ಘೋಷಿಸಿರುವುದೂ ನಿಜ, ಮತ್ತು ಸ್ವಾಗತಾರ್ಹ. ಆದರೆ ಒಂದು ಸಮವಸ್ತ್ರ ಕಳಚಿ ಇನ್ನೊಂದು ತೊಡುವುದೊಂದೇ ದಾರಿ ಆಗಬಾರದು.

ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಲೆಕ್ಕದಲ್ಲೇ ಉತ್ತರಿಸಬೇಕು. ಯೋಜನೆಯ ಆರಂಭದಲ್ಲಿ ಸರ್ಕಾರ ಹೇಳಿದಂತೆ ವರ್ಷಕ್ಕೆ 46,000 ಅಗ್ನಿವೀರರ ನೇಮಕ ಎಂದಿಟ್ಟುಕೊಳ್ಳೋಣ. ಅವರಲ್ಲಿ 34,500 ಮಂದಿ ಹೊರಬರುತ್ತಾರೆ. ಎಲ್ಲರೂ ಓದಲು ಹೊರಟರು, ಒಬ್ಬೊಬ್ಬರಿಗೆ ಶುಲ್ಕ ಮತ್ತು ಜೀವನ ವೆಚ್ಚ ಸೇರಿ ವರ್ಷಕ್ಕೆ ಒಂದು ಲಕ್ಷ ರೂಪಾಯಿ, ಮೂರು ವರ್ಷದ ಓದು ಎಂದುಕೊಂಡರೂ ಮೂರು ತಂಡಗಳಿಗೆ ವರ್ಷಕ್ಕೆ 1,035 ಕೋಟಿ ರೂಪಾಯಿ. 2025–26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ. ಅಂದರೆ ನೂರು ರೂಪಾಯಿಯಲ್ಲಿ ಹದಿನೈದು ಪೈಸೆ. ಪೂರ್ಣಾವಧಿ ಸೇವೆಯಿಂದ ವರ್ಷಕ್ಕೆ ನಿವೃತ್ತರಾಗುವ 60,000 ಮಂದಿಗೂ ಇದನ್ನು ವಿಸ್ತರಿಸಿ, ಪ್ರತಿಯೊಬ್ಬರೂ ತಾವೋ ತಮ್ಮ ಮನೆಯವರೋ ಬಳಸಿದರೆಂದು ಹಿಡಿದರೂ ನೂರಕ್ಕೆ ಐವತ್ತು ಪೈಸೆ ದಾಟುವುದಿಲ್ಲ. ಅದೇ ಬಜೆಟ್ಟಿನಲ್ಲಿ ಪಿಂಚಣಿಗೆಂದು ಇಟ್ಟದ್ದು 1.60 ಲಕ್ಷ ಕೋಟಿ. ಅಗ್ನಿಪಥದಿಂದ ಮುಂದೆ ಪಿಂಚಣಿಯ ಹೊರೆ ಇಳಿಯುತ್ತದೆಂಬುದು ಆ ಯೋಜನೆಯ ಬೆಂಬಲಿಗರು ಮುಂದಿಡುವ ಕಾರಣಗಳಲ್ಲಿ ಒಂದು. ಹಾಗಿದ್ದರೆ ಆ ಉಳಿತಾಯದ ಸಣ್ಣದೊಂದು ಪಾಲು, ಪಿಂಚಣಿ ಬಿಟ್ಟುಕೊಟ್ಟ ಹುಡುಗರ ಓದಿಗೇ ಸೇರಬೇಕಾದದ್ದು ನ್ಯಾಯ.

ಬಡವರ ಮಕ್ಕಳು ಎಲ್ಲರೂ ಓದಲು ಕಷ್ಟಪಡುವಾಗ ಸೈನಿಕರಿಗೇ ಏಕೆ ವಿಶೇಷ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಪ್ರತಿ ಬಡ ವಿದ್ಯಾರ್ಥಿಗೂ ಓದುವ ಹಕ್ಕಿದೆ, ಅದಕ್ಕಾಗಿ ಬೇರೆಯೇ ಹೋರಾಟ ನಡೆಯಬೇಕು. ಇಲ್ಲಿನ ಹಣ ರಕ್ಷಣಾ ಬಜೆಟ್ಟಿನಿಂದ ಬರುವುದಾದರೆ, ಸೀಟುಗಳು ಈಗಿರುವುದಕ್ಕೆ ಹೆಚ್ಚುವರಿಯಾಗಿ ಸೃಷ್ಟಿಯಾಗುವುದಾದರೆ ಯಾರ ಪಾಲನ್ನೂ ಕಸಿದಂತಾಗುವುದಿಲ್ಲ. ಮೇಲಾಗಿ ಜವಾನರ ಸಾಲಿನಲ್ಲಿ ನಿಲ್ಲುವವರು ಬಹುಪಾಲು ಸಣ್ಣ ಹಿಡುವಳಿದಾರರ, ಕೂಲಿಕಾರರ ಮಕ್ಕಳೇ. ಇನ್ನೊಂದು ಆಕ್ಷೇಪ ಸೇನೆಯ ಒಳಗಿನಿಂದ ಬರಬಹುದು: ಓದಿನ ಆಸೆ ತೋರಿಸಿದರೆ ಒಳ್ಳೆಯ ಸೈನಿಕರು ಬೇಗ ಬಿಟ್ಟುಹೋಗುತ್ತಾರೆ. 2008ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯೂ ಸೆನೆಟರ್ ಜಾನ್ ಮೆಕೇನ್ ಅವರೂ ಇದೇ ಅಂಜಿಕೆ ವ್ಯಕ್ತಪಡಿಸಿದ್ದರು. ಮಕ್ಕಳಿಗೆ ವರ್ಗಾಯಿಸುವ ಹಕ್ಕನ್ನು ಹೆಚ್ಚಿನ ಸೇವೆಗೆ ಜೋಡಿಸಿದ್ದು ಅದಕ್ಕೆ ಸಿಕ್ಕ ಉತ್ತರ. ನಮ್ಮ ಅಗ್ನಿವೀರರ ವಿಷಯದಲ್ಲಂತೂ ಈ ಪ್ರಶ್ನೆಯೇ ಏಳುವುದಿಲ್ಲ. ಮುಕ್ಕಾಲು ಪಾಲನ್ನು ನಾವೇ ಕಳಿಸಿಕೊಡುತ್ತಿದ್ದೇವೆ. ಅವರಿಗೆ ದೂರಶಿಕ್ಷಣ ಇದೆಯಲ್ಲ ಎಂದೂ ಕೇಳಬಹುದು. ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾಲಯ ಅಗ್ನಿವೀರರಿಗೆಂದು ರೂಪಿಸಿದ ಪದವಿಯಲ್ಲಿ ಅರ್ಧದಷ್ಟು ಕ್ರೆಡಿಟ್ ಸೇನಾ ತರಬೇತಿಯಿಂದಲೇ ದೊರೆಯುತ್ತದೆ. ಸೇನೆಯಲ್ಲಿ ಕಲಿತದ್ದನ್ನು ವಿದ್ಯೆಯೆಂದು ಒಪ್ಪಿದ ಒಳ್ಳೆಯ ಹೆಜ್ಜೆ ಅದು. ಅದೇ ಕ್ರೆಡಿಟ್ಟನ್ನು ಊರಿನ ಕಾಲೇಜಿಗೂ ಪಾಲಿಟೆಕ್ನಿಕ್ಕಿಗೂ ತರುವ ಅವಕಾಶವಿದ್ದರೆ ಅದರ ಬೆಲೆ ಇಮ್ಮಡಿಯಾಗುತ್ತದೆ. ಪ್ರಯೋಗಾಲಯ, ಗ್ರಂಥಾಲಯ, ಕ್ಯಾಂಪಸ್ ನೇಮಕಾತಿ, ಜೊತೆಗಾರರ ಒಡನಾಟ ದೂರಶಿಕ್ಷಣದಲ್ಲಿ ಸಿಗುವುದಿಲ್ಲ.

ಖಾಸಗಿ ಸಂಸ್ಥೆಗಳು ಈ ಹಣಕ್ಕೆ ಮುಗಿಬೀಳುತ್ತವೆ ಎಂಬ ಭಯ ಮಾತ್ರ ಪೂರ್ತಿ ನಿಜವಾದದ್ದು. ಅಮೆರಿಕದಲ್ಲಿ ಸೈನಿಕರ ಓದಿನ ಹಣವನ್ನು ನೆಚ್ಚಿ ಬೆಳೆದ ಲಾಭಕೋರ ಕಾಲೇಜುಗಳಲ್ಲಿ ಕೊರಿಂಥಿಯನ್ ಸಮೂಹ 2015ರಲ್ಲಿ, ಐಟಿಟಿ 2016ರಲ್ಲಿ ಮುಚ್ಚಿದಾಗ ಸಾವಿರಾರು ಮಾಜಿ ಸೈನಿಕರು ಪದವಿಯಿಲ್ಲದೆ ಉಳಿದರು. ಬಳಸಿದ ಹಕ್ಕನ್ನು ಅವರಿಗೆ ಮರಳಿ ಕೊಡಲು ಮತ್ತೊಂದು ಕಾನೂನು ತರಬೇಕಾಯಿತು. ನಮ್ಮ ಕಾಯ್ದೆ ಮೊದಲ ದಿನದಿಂದಲೇ ಸರ್ಕಾರಿ ಕಾಲೇಜು, ಪಾಲಿಟೆಕ್ನಿಕ್, ಐಟಿಐಗಳಿಗೂ ನ್ಯಾಕ್‌ನ ಉತ್ತಮ ಶ್ರೇಣಿ ಪಡೆದ ಅನುದಾನಿತ ಸಂಸ್ಥೆಗಳಿಗೂ ಸೀಮಿತವಾಗಿರಲಿ. ಮುಂದೆ ಅನುಭವ ನೋಡಿ ವಿಸ್ತರಿಸಬಹುದು. ಅಗ್ನಿವೀರನಿಗೆ 36 ತಿಂಗಳ ಓದು, 15 ವರ್ಷ ಮೀರಿ ದುಡಿದವರಿಗೆ ಅದೇ ಹಕ್ಕನ್ನು ಮಡದಿಗೋ ಮಗುವಿಗೋ ಕೊಡುವ ಸ್ವಾತಂತ್ರ್ಯ, ಹುತಾತ್ಮರ ಮತ್ತು ಅಂಗವಿಕಲರ ಮನೆಗಳಿಗೆ ಯಾವ ಮಿತಿಯೂ ಇಲ್ಲದ ಪೂರ್ಣ ಶುಲ್ಕ. ಇವಿಷ್ಟು ಸಂಸತ್ತಿನ ಕಾಯ್ದೆಯಲ್ಲಿ ಇರಬೇಕು.

ದೆಹಲಿ ಕಾಯ್ದೆ ತರುವವರೆಗೆ ಬೆಂಗಳೂರು ಕಾಯಬೇಕಿಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಪಾಲಿಟೆಕ್ನಿಕ್ ಮತ್ತು ಐಟಿಐಗಳಲ್ಲಿ ಸೇವೆ ಮುಗಿಸಿದ ಅಗ್ನಿವೀರರಿಗೆ ಹೆಚ್ಚುವರಿ ಸೀಟು, ಶುಲ್ಕ ವಿನಾಯಿತಿ, ವಯೋಮಿತಿಯ ಸಡಿಲಿಕೆ, ಹಾಸ್ಟೆಲಿನಲ್ಲಿ ಜಾಗ ಕೊಡಲು ರಾಜ್ಯ ಸರ್ಕಾರದ ಒಂದು ಆದೇಶ ಸಾಕು. ಪಿಯುಸಿ ಓದದೆ ಸೇರಿದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಕೊಡುವ ಹನ್ನೆರಡನೇ ತರಗತಿಯ ಪ್ರಮಾಣಪತ್ರವನ್ನು ಪ್ರವೇಶದ ಹೊತ್ತಿನಲ್ಲಿ ಯಾವ ಕಾಲೇಜೂ ತಕರಾರಿಲ್ಲದೆ ಒಪ್ಪುವಂತೆ ಸ್ಪಷ್ಟ ಸೂಚನೆ ಹೋಗಬೇಕು. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಗಳು ಮಾಜಿ ಸೈನಿಕರ ಪಟ್ಟಿಯಲ್ಲಿಲ್ಲದ ಈ ಹುಡುಗರ ಹೆಸರನ್ನೂ ನೋಂದಾಯಿಸಿಕೊಂಡು ಕಾಲೇಜಿನ ದಾರಿ ತೋರಿಸುವ ಅಧಿಕಾರ ಪಡೆಯಬೇಕು. ಮೊದಲ ತಂಡದ ಹುಡುಗರು ಮನೆ ಸೇರಿದ ಮೇಲೆ ಅವರೆದುರಿಗೆ ಬರುವ ಮೊದಲ ಪ್ರವೇಶದ ಕಾಲ 2027ರ ಮೇ–ಜೂನ್ ತಿಂಗಳು. ಆ ವರ್ಷದ ಪ್ರವೇಶ ಕೈಪಿಡಿ ಅಚ್ಚಾಗುವ ಮೊದಲೇ ಆದೇಶ ಹೊರಬರಬೇಕು.